ಲೂಯಿ ಬೂತಾನ್

ಲೂಯಿ ಮರೀ ಒಗ್ಯುಸ್ತ್ ಬೂತಾನ್ (6 ಮಾರ್ಚ್ 1859 – 6 ಏಪ್ರಿಲ್ 1934) ಫ್ರಾನ್ಸ್ ದೇಶದ ಪ್ರಾಣಿಶಾಸ್ತ್ರಜ್ಞರು ಹಾಗೂ ನೀರೊಳಗಿನ ಛಾಯಾಗ್ರಹಣದ ಆದ್ಯ ಪ್ರವರ್ತಕರು. 1893ರಿಂದ 1900ರವರೆಗೆ ಮೆಡಿಟರೇನಿಯನ್ ಸಮುದ್ರತೀರದ ಬಾನ್ಯುಲ್ಸ್-ಸುರ್-ಮೇರ್ ಎಂಬ ಊರಿನಲ್ಲಿ ಅವರು ನಡೆಸಿದ ಪ್ರಯೋಗಗಳಿಂದ ನೀರಿನ ತಳದ ಜೀವಜಗತ್ತನ್ನು ಅದರ ಸಹಜ ನೆಲೆಯಲ್ಲಿಯೇ ಚಿತ್ರಿಸುವ ಒಂದು ಕ್ರಮಬದ್ಧ ವಿಧಾನ ರೂಪುಗೊಂಡಿತು. ಜಲನಿರೋಧಕ ಕ್ಯಾಮೆರಾ, ನೀರೊಳಗೆ ಉರಿಯುವ ಕೃತಕ ದೀಪ ಮತ್ತು ದೂರದಿಂದ ನಿಯಂತ್ರಿಸಬಹುದಾದ ಶಟರ್ ಎಂಬ ಮೂರು ಮುಖ್ಯ ಸಾಧನಗಳನ್ನೂ ಅವರು ಮತ್ತು ಅವರ ಸಹಕಾರಿಗಳು ಪ್ರಯೋಗಕ್ಕೆ ತಂದರು. ಈ ವಿಷಯವನ್ನು ಕುರಿತು 1900ರಲ್ಲಿ ಪ್ರಕಟವಾದ ಅವರ ಗ್ರಂಥವನ್ನು ನೀರೊಳಗಿನ ಛಾಯಾಗ್ರಹಣದ ಮೊದಲ ಪುಸ್ತಕವೆಂದು ಪರಿಗಣಿಸಲಾಗುತ್ತದೆ. ಮೃದ್ವಂಗಿಗಳ ದೇಹರಚನೆ, ಮುತ್ತಿನ ಉತ್ಪತ್ತಿ ಮತ್ತು ಗಿಬ್ಬನ್ ವಾನರದ ಧ್ವನಿಗಳನ್ನು ಕುರಿತ ಅಧ್ಯಯನಗಳಿಗಾಗಿಯೂ ಬೂತಾನ್ ಹೆಸರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ಬೂತಾನ್ ಪ್ಯಾರಿಸ್ ನಗರಕ್ಕೆ ಸಮೀಪದ ವರ್ಸೈಲ್ಸ್‌ನಲ್ಲಿ ಜನಿಸಿದರು. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಮತ್ತು ನಿಸರ್ಗ ಚರಿತ್ರೆಯನ್ನು ಅಭ್ಯಾಸ ಮಾಡಿದರು. 1880ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಏರ್ಪಟ್ಟಾಗ ಫ್ರಾನ್ಸ್ ಸರ್ಕಾರದ ನಿಯೋಗದಲ್ಲಿ ಉಪಮುಖ್ಯಸ್ಥರಾಗಿ ಅಲ್ಲಿಗೆ ತೆರಳಿದರು. ಆಗ ಅವರ ವಯಸ್ಸು ಕೇವಲ 21. ಸುಮಾರು 18 ತಿಂಗಳ ಕಾಲ ಅವರು ಆ ಖಂಡದಲ್ಲಿ ಸಂಚರಿಸಿ ಪ್ರಾಣಿಸಂಗ್ರಹಣೆ ಮತ್ತು ಅವಲೋಕನಗಳಲ್ಲಿ ತೊಡಗಿದ್ದರು.

ಸ್ವದೇಶಕ್ಕೆ ಮರಳಿದ ಬಳಿಕ ಫಿಸುರೆಲ್ಲಾ ಎಂಬ ಸಮುದ್ರ ಬಸವನಹುಳುವಿನ ದೇಹರಚನೆ ಮತ್ತು ಬೆಳವಣಿಗೆಯನ್ನು ಕುರಿತು ಸಂಶೋಧನೆ ನಡೆಸಿದರು. ಚಿಪ್ಪಿನ ತುದಿಯಲ್ಲಿ ಬೀಗದ ಕೈ ತೂತಿನಂತಹ ರಂಧ್ರವಿರುವ ಈ ಪ್ರಾಣಿ ಉದರಪಾದಿಗಳ ವರ್ಗಕ್ಕೆ ಸೇರಿದೆ. ಉದರಪಾದಿಗಳ ಮರಿಯ ದೇಹವು ಬೆಳವಣಿಗೆಯ ಒಂದು ಹಂತದಲ್ಲಿ ತಿರುಚಿಕೊಂಡು ಎಡ–ಬಲಗಳ ಸಮತೆಯನ್ನು ಕಳೆದುಕೊಳ್ಳುತ್ತದೆ. ಈ ಅಸಮತೆಯ ಕಾರಣವನ್ನು ಬೂತಾನ್ ಮುಂದೆಯೂ ಅರಸುತ್ತಲೇ ಇದ್ದರು. 1899ರಲ್ಲಿ ಆ ವಿಷಯವಾಗಿ ವಿಸ್ತೃತ ಪ್ರಬಂಧವೊಂದನ್ನು ಪ್ರಕಟಿಸಿದರು. ಲಿಲ್ ನಗರದಲ್ಲಿ ಅಧ್ಯಾಪಕರಾಗಿದ್ದ ಅವರು, ಅನಂತರ ಬಾನ್ಯುಲ್ಸ್‌ನ ಅರಾಗೋ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದರು.

ಅರಾಗೋ ಪ್ರಯೋಗಾಲಯ

ಬಾನ್ಯುಲ್ಸ್-ಸುರ್-ಮೇರ್ ಫ್ರಾನ್ಸ್‌ನ ದಕ್ಷಿಣದಲ್ಲಿ, ಸ್ಪೇನ್ ದೇಶದ ಗಡಿಗೆ ಸಮೀಪದಲ್ಲಿರುವ ಸಣ್ಣ ಬಂದರು ಊರು. ಪ್ರಾಣಿಶಾಸ್ತ್ರಜ್ಞ ಹೆನ್ರಿ ದ ಲಕಾಜ್-ದ್ಯುತಿಯೇ 1880ರ ದಶಕದ ಆರಂಭದಲ್ಲಿ ಇಲ್ಲಿ ಅರಾಗೋ ಪ್ರಯೋಗಾಲಯವನ್ನು ಸ್ಥಾಪಿಸಿದರು. ಸತ್ತ ಪ್ರಾಣಿಗಳನ್ನು ಜಾಡಿಗಳಲ್ಲಿಟ್ಟು ಪರೀಕ್ಷಿಸುವುದರ ಜೊತೆಗೆ ಜೀವಂತ ಪ್ರಾಣಿಗಳನ್ನು ಅವುಗಳ ನೆಲೆಯಲ್ಲಿ ಗಮನಿಸುವುದಕ್ಕೂ ಇಂತಹ ಕಡಲತೀರದ ಪ್ರಯೋಗಾಲಯಗಳು ಅವಕಾಶ ನೀಡುತ್ತಿದ್ದವು.

ಆ ಕಾಲದಲ್ಲಿ ಸಮುದ್ರತಳದ ಜೀವಿಗಳನ್ನು ಸಂಗ್ರಹಿಸುತ್ತಿದ್ದುದು ಮುಖ್ಯವಾಗಿ ತಳವನ್ನು ಗೀರಿ ಎಳೆಯುವ ಬಲೆಗಳಿಂದ. ಬಲೆಯಲ್ಲಿ ಮೇಲೆ ಬಂದ ಪ್ರಾಣಿಯು ಯಾವ ಬಂಡೆಯ ಮೇಲೆ ಯಾವ ಭಂಗಿಯಲ್ಲಿ ಇತ್ತು, ಅದರ ನೆರೆಯಲ್ಲಿ ಯಾವ ಸಸ್ಯ, ಯಾವ ಜೀವಿ ಇದ್ದವು ಎಂಬುದು ಸಂಶೋಧಕರಿಗೆ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಬೂತಾನ್ ಮುಳುಗುವುದನ್ನು ಕಲಿತರು. ತಾಮ್ರದ ಶಿರಸ್ತ್ರಾಣ, ರಬ್ಬರ್ ಲೇಪಿತ ಬಟ್ಟೆಯ ಉಡುಪು, ಸೀಸದ ಅಡಿಯುಳ್ಳ ಭಾರವಾದ ಪಾದರಕ್ಷೆಗಳನ್ನು ಧರಿಸಿ ನೀರಿಗಿಳಿಯಬೇಕಾಗಿತ್ತು. ದೋಣಿಯ ಮೇಲಿದ್ದವರು ಕೈಪಂಪಿನಿಂದ ಕೊಳವೆಯ ಮೂಲಕ ಗಾಳಿಯನ್ನು ಒದಗಿಸುತ್ತಿದ್ದರು. ತಳದಲ್ಲಿ ಕಂಡ ದೃಶ್ಯವು ಬೂತಾನ್ ಅವರನ್ನು ಬೆರಗುಗೊಳಿಸಿತು. ಆದರೆ ಅದನ್ನು ಮಾತಿನಲ್ಲಿ ವರ್ಣಿಸುವುದಾಗಲೀ ನೆನಪಿನಿಂದ ಬರೆದ ಚಿತ್ರದಲ್ಲಿ ತೋರಿಸುವುದಾಗಲೀ ವಿಜ್ಞಾನದ ದೃಷ್ಟಿಯಿಂದ ಸಾಲದು ಎಂದು ಅವರಿಗೆ ಅನ್ನಿಸಿತು. ಕಂಡದ್ದನ್ನು ಇತರರೂ ಪರಿಶೀಲಿಸಬಲ್ಲ ದಾಖಲೆಯಾಗಿ ಮೇಲಕ್ಕೆ ತರುವ ಉದ್ದೇಶದಿಂದ ಅವರು ಛಾಯಾಗ್ರಹಣದತ್ತ ತಿರುಗಿದರು.

ಹಿಂದಿನ ಪ್ರಯತ್ನಗಳು

ನೀರೊಳಗೆ ಚಿತ್ರ ತೆಗೆದವರಲ್ಲಿ ಬೂತಾನ್ ಮೊದಲಿಗರಲ್ಲ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಥಾಂಪ್ಸನ್ ಎಂಬುವರು ವೇಮತ್ ಕೊಲ್ಲಿಯಲ್ಲಿ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ಸುಮಾರು 5.5 ಮೀಟರ್ ಆಳಕ್ಕೆ ಇಳಿಬಿಟ್ಟಿದ್ದರು. ಸುಮಾರು 10 ನಿಮಿಷಗಳ ಕಾಲ ಬೆಳಕಿಗೊಡ್ಡಿದ ಬಳಿಕ ದೊರೆತದ್ದು ಮಸುಕಾದ ಒಂದು ಚಿತ್ರ; ಪೆಟ್ಟಿಗೆಯೊಳಕ್ಕೆ ನೀರೂ ನುಗ್ಗಿತ್ತು. ಆಗ ಬಳಕೆಯಲ್ಲಿದ್ದ ಹಸಿ ಕೊಲೋಡಿಯನ್ ಫಲಕಗಳನ್ನು ತೇವ ಆರುವ ಮೊದಲೇ ಬಳಸಿ ಸಂಸ್ಕರಿಸಬೇಕಾಗಿದ್ದುದರಿಂದ ಇಂತಹ ಕೆಲಸ ಬಹಳ ಕಷ್ಟಕರವಾಗಿತ್ತು. ಥಾಂಪ್ಸನ್ ಈ ಪ್ರಯತ್ನವನ್ನು ಮುಂದುವರಿಸಲಿಲ್ಲ.

ಬೂತಾನ್ ಅವರ ಕಾಲಕ್ಕೆ ಜೆಲಟಿನ್ ಲೇಪಿತ ಒಣ ಫಲಕಗಳು ಬಳಕೆಗೆ ಬಂದಿದ್ದವು. ಅವುಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು, ಚಿತ್ರ ತೆಗೆದ ನಂತರ ಬಿಡುವಾಗಿ ಸಂಸ್ಕರಿಸಬಹುದಾಗಿತ್ತು. ಥಾಂಪ್ಸನ್ ದೋಣಿಯಲ್ಲಿ ಕುಳಿತು ಕುರುಡಾಗಿ ಕ್ಯಾಮೆರಾ ಇಳಿಸಿದ್ದರೆ, ಬೂತಾನ್ ಸ್ವತಃ ತಳಕ್ಕೆ ಇಳಿದು, ಸ್ಥಳವನ್ನು ಆರಿಸಿ, ಕ್ಯಾಮೆರಾವನ್ನು ವಿಷಯದ ಎದುರಿಗೆ ನಿಲ್ಲಿಸಿ ಚಿತ್ರ ತೆಗೆದರು. ಇಬ್ಬರ ಪ್ರಯತ್ನಗಳಿಗಿರುವ ಮುಖ್ಯ ವ್ಯತ್ಯಾಸ ಇದೇ ಆಗಿದೆ.

ಕ್ಯಾಮೆರಾಗಳು

ಮೊದಲ ಕ್ಯಾಮೆರಾವನ್ನು 1893ರಲ್ಲಿ ಬೂತಾನ್ ಅವರ ಸಹೋದರ, ಎಂಜಿನಿಯರ್ ಒಗ್ಯುಸ್ತ್ ಬೂತಾನ್ ವಿನ್ಯಾಸಗೊಳಿಸಿದರು. ಪ್ರಯೋಗಾಲಯದ ಯಂತ್ರಕರ್ಮಿ ಜೋಸೆಫ್ ಡೇವಿಡ್ ಸಲಕರಣೆಗಳ ತಯಾರಿಕೆಯಲ್ಲಿಯೂ ಪ್ರಯೋಗಗಳಲ್ಲಿಯೂ ನೆರವಾದರು. ಸಾಧಾರಣ ಕೈ ಕ್ಯಾಮೆರಾವೊಂದನ್ನು ಲೋಹದ ಜಲನಿರೋಧಕ ಪೆಟ್ಟಿಗೆಯಲ್ಲಿ ಅಳವಡಿಸಿ, ಫಲಕ ಬದಲಾಯಿಸುವ ಮತ್ತು ಶಟರ್ ತೆರೆಯುವ ಹಿಡಿಗಳನ್ನು ಹೊರಕ್ಕೆ ಚಾಚುವಂತೆ ಮಾಡಲಾಗಿತ್ತು.

ನೀರಿನ ಒತ್ತಡವು ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಈ ಒತ್ತಡಕ್ಕೆ ಸಿಕ್ಕ ಪೆಟ್ಟಿಗೆಯ ಸಂದುಗಳಲ್ಲಿ ನೀರು ಒಸರುವುದು ಸಹಜ. ಇದಕ್ಕೆ ಪರಿಹಾರವಾಗಿ ಗಾಳಿ ತುಂಬಿದ ರಬ್ಬರ್ ಚೀಲವೊಂದನ್ನು ಪೆಟ್ಟಿಗೆಗೆ ಜೋಡಿಸಲಾಯಿತು. ಕ್ಯಾಮೆರಾ ಆಳಕ್ಕೆ ಇಳಿದಂತೆ ನೀರು ಚೀಲವನ್ನು ಒತ್ತುತ್ತಿತ್ತು. ಚೀಲದ ಗಾಳಿ ಪೆಟ್ಟಿಗೆಯೊಳಕ್ಕೆ ಸರಿಯುತ್ತಿತ್ತು. ಇದರಿಂದ ಒಳಗಿನ ಮತ್ತು ಹೊರಗಿನ ಒತ್ತಡಗಳು ಸರಿದೂಗುತ್ತಿದ್ದವು. ಸರಳವಾದರೂ ಬಹಳ ಪರಿಣಾಮಕಾರಿಯಾದ ಈ ಏರ್ಪಾಡು ಪೆಟ್ಟಿಗೆಯನ್ನು ಅತಿಯಾಗಿ ದಪ್ಪಗೊಳಿಸುವ ಅಗತ್ಯವನ್ನು ತಪ್ಪಿಸಿತು.

ಎರಡನೆಯ ಕ್ಯಾಮೆರಾದಲ್ಲಿ ಬೂತಾನ್ ವಿಭಿನ್ನ ಮಾರ್ಗವನ್ನು ಅನುಸರಿಸಿದರು. ಇದರಲ್ಲಿ ನೀರನ್ನು ತಡೆಯುವ ಬದಲು ಅದನ್ನು ಒಳಕ್ಕೆ ಬಿಟ್ಟುಕೊಂಡು ಮಸೂರ ಮತ್ತು ಫಲಕಗಳೆರಡೂ ನೀರಿನಲ್ಲಿಯೇ ಇರುವಂತೆ ಮಾಡಲಾಯಿತು. ಗಾಜಿಗೂ ನೀರಿಗೂ ನಡುವಿನ ವಕ್ರೀಭವನದ ವ್ಯತ್ಯಾಸವು ಗಾಜಿಗೂ ಗಾಳಿಗೂ ಇರುವುದಕ್ಕಿಂತ ಬಹಳ ಕಡಿಮೆಯಾದುದರಿಂದ ನೀರಲ್ಲಿ ಮುಳುಗಿದ ಮಸೂರದ ಶಕ್ತಿ ಕುಗ್ಗುತ್ತದೆ. ಈ ಪ್ರಯೋಗ ನಿರೀಕ್ಷಿತ ಫಲ ನೀಡಲಿಲ್ಲ. ಅವರು ಮತ್ತೆ ಜಲನಿರೋಧಕ ಪೆಟ್ಟಿಗೆಗೇ ಮರಳಿದರು. ಮೂರನೆಯ ಕ್ಯಾಮೆರಾ 18×24 ಸೆಂಟಿಮೀಟರ್ ಅಳತೆಯ ದೊಡ್ಡ ಫಲಕಗಳನ್ನು ಬಳಸುವಂತಹುದು. ನೀರಿನ ಹೊರಗೆ ಅದನ್ನು ಸಾಗಿಸಲು ಹಲವರು ಕೈಗೂಡಿಸಬೇಕಾಗಿತ್ತು. ನೀರೊಳಗೆ ಅದರ ಭಾರವನ್ನು ಹಗುರಗೊಳಿಸಲು ಖಾಲಿ ಪೀಪಾಯಿಯನ್ನು ಕಟ್ಟಿ ತೇಲಿಸುವ ಉಪಾಯವನ್ನು ಬಳಸಲಾಯಿತು.

ಬೆಳಕಿನ ಸಮಸ್ಯೆ

ಒತ್ತಡಕ್ಕಿಂತಲೂ ಹೆಚ್ಚು ಕಾಡಿದ್ದು ಬೆಳಕಿನ ಕೊರತೆ. ಮೇಲ್ಮೈಯಲ್ಲಿಯೇ ಒಂದಿಷ್ಟು ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ. ಒಳಹೊಕ್ಕ ಬೆಳಕಿನಲ್ಲಿ ಕೆಂಪು ಭಾಗವು ಮೊದಲ ಕೆಲವು ಮೀಟರುಗಳಲ್ಲಿಯೇ ಬಹುಮಟ್ಟಿಗೆ ಹೀರಲ್ಪಡುತ್ತದೆ; ಆಳಕ್ಕೆ ಹೋದಂತೆ ನೀಲಿ ಮತ್ತು ಹಸಿರು ಮಾತ್ರ ಉಳಿಯುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಉಳಿದ ಬೆಳಕನ್ನು ಚದುರಿಸಿ ದೃಶ್ಯವನ್ನು ಮಂಜಿನಂತೆ ಮಸುಕಾಗಿಸುತ್ತವೆ. ಅಂದಿನ ಫಲಕಗಳು ನೀಲಿ ಬೆಳಕಿಗೆ ಹೆಚ್ಚು ಸಂವೇದಿಯಾಗಿದ್ದವು. ಮಸೂರದ ಮುಂದೆ ನೀಲಿ ಗಾಜನ್ನು ಇರಿಸಿ ಬೂತಾನ್ ಚಿತ್ರದ ಸ್ಪಷ್ಟತೆಯನ್ನು ಹೆಚ್ಚಿಸಲು ಯತ್ನಿಸಿದರು.

ಸೂರ್ಯನ ಬೆಳಕಿನಲ್ಲಿ ತೆಗೆದ ಆರಂಭದ ಚಿತ್ರಗಳಿಗೆ ಫಲಕವನ್ನು ಅರ್ಧ ಗಂಟೆಯವರೆಗೂ ಬೆಳಕಿಗೊಡ್ಡಬೇಕಾದ ಸಂದರ್ಭಗಳಿದ್ದವು. ಅಷ್ಟು ಹೊತ್ತು ಕ್ಯಾಮೆರಾ ಅಲುಗಾಡಬಾರದು, ಮುಳುಗುಗಾರನ ಕಾಲ್ತುಳಿತಕ್ಕೆ ತಳದ ಕೆಸರು ಏಳಬಾರದು, ಅಲೆಗಳ ಚಲನೆ ಇರಬಾರದು. ಇಂತಹ ಚಿತ್ರಗಳಲ್ಲಿ ಬಂಡೆ, ಪಾಚಿ ಮತ್ತು ಒಂದೆಡೆ ನೆಲೆನಿಂತ ಜೀವಿಗಳು ಮೂಡಬಹುದಾಗಿತ್ತೇ ಹೊರತು ಚಲಿಸುವ ಮೀನು ಮೂಡುವುದು ಸಾಧ್ಯವಿರಲಿಲ್ಲ. ಫಲಕದ ಮುಂದೆ ಸುಳಿದುಹೋದ ಮೀನು ಯಾವ ಗುರುತನ್ನೂ ಉಳಿಸುತ್ತಿರಲಿಲ್ಲ. ಜೀವಂತ ಪ್ರಾಣಿಯನ್ನು ಚಿತ್ರಿಸಬೇಕಾದರೆ ಕ್ಷಣಮಾತ್ರದ ತೀವ್ರ ಬೆಳಕು ಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

1893ರಲ್ಲಿ ಶೋಫೂರ್ ಎಂಬ ವಿದ್ಯುತ್ ಎಂಜಿನಿಯರ್ ಬೂತಾನ್ ಅವರಿಗಾಗಿ ಒಂದು ದೀಪವನ್ನು ರಚಿಸಿದರು. ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ಮೆಗ್ನೀಸಿಯಂ ತಂತಿಯನ್ನು ಇರಿಸಿ, ವಿದ್ಯುತ್ ಪ್ರವಾಹದಿಂದ ಅದನ್ನು ಹೊತ್ತಿಸುವ ಏರ್ಪಾಡು ಅದು. ಮುಂದೆ ಜಗತ್ತಿನಾದ್ಯಂತ ಬಳಕೆಗೆ ಬಂದ ಫ್ಲ್ಯಾಷ್ ಬಲ್ಬಿನ ಪೂರ್ವರೂಪವಾಗಿ ಇದನ್ನು ಗುರುತಿಸಲಾಗುತ್ತದೆ. ಆದರೆ ಮೆಗ್ನೀಸಿಯಂ ಸಮನಾಗಿ ಉರಿಯುತ್ತಿರಲಿಲ್ಲ. ಉರಿದಾಗ ಏಳುವ ಬಿಳಿಯ ಹೊಗೆ ಬುರುಡೆಯನ್ನು ತುಂಬಿ ಬೆಳಕನ್ನು ಮರೆಮಾಡುತ್ತಿತ್ತು. ಶಾಖದಿಂದ ಗಾಜು ಒಡೆಯುವ ಅಪಾಯವೂ ಇತ್ತು.

ಇದಕ್ಕೆ ಬದಲಾಗಿ ಡೇವಿಡ್ ಅವರ ನೆರವಿನಿಂದ ಮತ್ತೊಂದು ಸಾಧನ ಸಿದ್ಧವಾಯಿತು. ಆಮ್ಲಜನಕವಿರುವ ದೊಡ್ಡ ಮರದ ಪೀಪಾಯಿಯ ಮೇಲೆ ಸ್ಪಿರಿಟ್ ದೀಪವನ್ನಿಟ್ಟು ಅದನ್ನು ಗಾಜಿನ ಗಂಟೆಯಾಕಾರದ ಮುಚ್ಚಳದಿಂದ ಮುಚ್ಚಲಾಯಿತು. ರಬ್ಬರ್ ಬುರುಡೆಯನ್ನು ಅದುಮಿದೊಡನೆ ಮೆಗ್ನೀಸಿಯಂ ಪುಡಿ ಜ್ವಾಲೆಯ ಮೇಲೆ ಚಿಮ್ಮಿ ಪ್ರಖರವಾದ ಬೆಳಕು ಮಿಂಚುತ್ತಿತ್ತು. ಗಾತ್ರದಲ್ಲಿ ದೊಡ್ಡದೂ ನಿರ್ವಹಣೆಗೆ ತೊಡಕಿನದೂ ಆಗಿದ್ದರೂ ಈ ಸಾಧನವು ಮೊದಲನೆಯದಕ್ಕಿಂತ ಹೆಚ್ಚು ನಂಬಲರ್ಹವಾಗಿತ್ತು.

50 ಮೀಟರ್ ಆಳದ ಪ್ರಯೋಗ

1899ರಲ್ಲಿ ಬೂತಾನ್ ವಿದ್ಯುತ್ ಆರ್ಕ್ ದೀಪಗಳತ್ತ ಗಮನ ಹರಿಸಿದರು. ಜಲನಿರೋಧಕವಾಗಿ ನಿರ್ಮಿಸಿದ ಎರಡು ಆರ್ಕ್ ದೀಪಗಳಿಗೆ ಹಡಗಿನ ಮೇಲಿದ್ದ ಸಂಚಯಕ ಬ್ಯಾಟರಿಗಳಿಂದ ವಿದ್ಯುತ್ತನ್ನು ಪೂರೈಸಲಾಯಿತು. ಕ್ಯಾಮೆರಾ ಮತ್ತು ದೀಪಗಳನ್ನು ಮೇಲಿನಿಂದ ಇಳಿಬಿಟ್ಟು, ಶಟರನ್ನು ವಿದ್ಯುತ್ಕಾಂತದ ಮೂಲಕ ತೆರೆಯಲಾಯಿತು. ಹೀಗೆ ಸುಮಾರು 50 ಮೀಟರ್ ಆಳದಲ್ಲಿ ಚಿತ್ರಗಳು ಲಭಿಸಿದವು. ಆ ಆಳದಲ್ಲಿ ಒಟ್ಟು ಒತ್ತಡವು ಮೇಲ್ಮೈಯ ಸುಮಾರು ಆರು ಪಟ್ಟು ಇರುತ್ತದೆ. ಮುಳುಗುಗಾರನ ಅಗತ್ಯವಿಲ್ಲದೆ ಮೇಲಿನಿಂದಲೇ ನಿಯಂತ್ರಿಸಿ ಆಳದ ಚಿತ್ರವನ್ನು ಪಡೆಯಬಹುದೆಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು. ಇಂದಿನ ಆಳಸಮುದ್ರ ಕ್ಯಾಮೆರಾಗಳ ಮೂಲ ಕಲ್ಪನೆಯೂ ಇದೇ ಆಗಿದೆ.

ರಾಕೋವಿತ್ಸಾ ಭಾವಚಿತ್ರ

ಬೂತಾನ್ ತೆಗೆದ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ರೊಮೇನಿಯಾದ ಜೀವಶಾಸ್ತ್ರಜ್ಞ ಎಮಿಲ್ ರಾಕೋವಿತ್ಸಾ ಅವರದು. ಸಾಮಾನ್ಯವಾಗಿ 1899ರದೆಂದು ಗುರುತಿಸಲಾಗುವ ಈ ಚಿತ್ರದಲ್ಲಿ ರಾಕೋವಿತ್ಸಾ ಶಿರಸ್ತ್ರಾಣದೊಡನೆ ಮುಳುಗು ಉಡುಪನ್ನು ಧರಿಸಿ, ನೀರೊಳಗಿನ ಛಾಯಾಗ್ರಹಣ ಎಂಬ ಅರ್ಥದ ಫ್ರೆಂಚ್ ಬರಹವಿರುವ ಫಲಕವನ್ನು ಹಿಡಿದು ನಿಂತಿದ್ದಾರೆ. ಇದನ್ನು ನೀರೊಳಗೆ ತೆಗೆದ ಮೊದಲ ಭಾವಚಿತ್ರವೆಂದು ಅನೇಕ ಗ್ರಂಥಗಳು ಹೇಳುತ್ತವೆ. ಬೆಲ್ಜಿಕಾ ಹಡಗಿನ ಅಂಟಾರ್ಕ್ಟಿಕ್ ಯಾನದಲ್ಲಿ ಪಾಲ್ಗೊಂಡಿದ್ದ ರಾಕೋವಿತ್ಸಾ ಮುಂದೆ ಗುಹೆಗಳ ಜೀವಿಗಳ ಅಧ್ಯಯನಕ್ಕೆ ಶಾಸ್ತ್ರೀಯ ತಳಹದಿಯನ್ನು ಹಾಕಿದರು. 1920ರಲ್ಲಿ ಕ್ಲುಜ್ ನಗರದಲ್ಲಿ ಗುಹಾವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದರು.

ಪ್ರಕಟಣೆ ಮತ್ತು ಪ್ರದರ್ಶನ

ಬೂತಾನ್ ತಮ್ಮ ವಿಧಾನವನ್ನು ಗುಟ್ಟಾಗಿರಿಸಲಿಲ್ಲ. 1893ರಲ್ಲಿಯೇ ಮೊದಲ ಪ್ರಯೋಗಗಳ ವಿವರಗಳನ್ನು ಪ್ರಾಣಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1898ರಲ್ಲಿ ಅಮೆರಿಕದ ಸೆಂಚುರಿ ಮಾಸಿಕದಲ್ಲಿ ಅವರ ಲೇಖನ ಅಚ್ಚಾಗಿ ಸಾಮಾನ್ಯ ಓದುಗರಿಗೂ ಈ ಕೆಲಸ ಪರಿಚಯವಾಯಿತು. 1900ರ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದಲ್ಲಿ ಅವರ ಚಿತ್ರಗಳು ಪ್ರದರ್ಶಿತವಾದವು. ಅದೇ ವರ್ಷ ಅವರ ಗ್ರಂಥವೂ ಹೊರಬಂದಿತು. ಯಶಸ್ವಿಯಾದ ಉಪಕರಣಗಳ ಜೊತೆಗೆ ವಿಫಲವಾದವುಗಳನ್ನೂ ವಿವರಿಸಿರುವುದು ಬೂತಾನ್ ಅವರ ಬರವಣಿಗೆಯ ವೈಶಿಷ್ಟ್ಯವಾಗಿದೆ.

ಇದಾದ ಬಳಿಕ ಅವರು ನೀರೊಳಗಿನ ಛಾಯಾಗ್ರಹಣವನ್ನು ಹೆಚ್ಚಾಗಿ ಮುಂದುವರಿಸಲಿಲ್ಲ. ದೋಣಿ, ಪಂಪು, ಬ್ಯಾಟರಿ ಮತ್ತು ಸಹಾಯಕರ ತಂಡವಿಲ್ಲದೆ ಅಂದಿನ ಉಪಕರಣಗಳಿಂದ ಒಂದು ಚಿತ್ರವನ್ನೂ ತೆಗೆಯುವುದು ಸಾಧ್ಯವಿರಲಿಲ್ಲ.

ಇಂಡೋಚೈನಾ ಮತ್ತು ಗಿಬ್ಬನ್ ಅಧ್ಯಯನ

1904ರ ಸುಮಾರಿಗೆ ಬೂತಾನ್ ಅಂದಿನ ಫ್ರೆಂಚ್ ಇಂಡೋಚೈನಾಕ್ಕೆ ತೆರಳಿದರು. ಹನೋಯ್ ನಗರವನ್ನು ಕೇಂದ್ರವಾಗಿಟ್ಟುಕೊಂಡಿದ್ದ ವೈಜ್ಞಾನಿಕ ಅನ್ವೇಷಣಾ ನಿಯೋಗದಲ್ಲಿ ಕಾರ್ಯನಿರ್ವಹಿಸಿ ಆ ಪ್ರದೇಶದ ಪ್ರಾಣಿಸಂಪತ್ತನ್ನು ಕುರಿತು ಸಚಿತ್ರ ಸಂಚಿಕೆಗಳನ್ನು ಹೊರತಂದರು. ಫ್ರಾನ್ಸಿಗೆ ಮರಳಿದ ಮೇಲೆ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಎಳೆಯ ಗಿಬ್ಬನ್ ಒಂದನ್ನು ಅದರ ಜಾತಿಯ ಇತರ ಪ್ರಾಣಿಗಳಿಂದ ದೂರವಿರಿಸಿ ಅವರು ಕೆಲವು ವರ್ಷಗಳ ಕಾಲ ಸಾಕಿದ್ದರು. ಬೇರೆ ಗಿಬ್ಬನ್‌ಗಳ ಧ್ವನಿಯನ್ನು ಕೇಳದೆ ಬೆಳೆದರೂ ಅದು ತನ್ನ ಜಾತಿಗೆ ಸಹಜವಾದ ಕೂಗುಗಳನ್ನು ಹೊರಡಿಸುತ್ತಿತ್ತು. ಈ ಕೂಗುಗಳು ಕಲಿತವಲ್ಲ, ಹುಟ್ಟಿನಿಂದ ಬಂದವು ಎಂಬ ತೀರ್ಮಾನಕ್ಕೆ ಬಂದ ಬೂತಾನ್, ಅವು ಭಾವನೆಗಳನ್ನು ಸೂಚಿಸಿದರೂ ಮಾನವ ಭಾಷೆಗೆ ಸಮಾನವಲ್ಲವೆಂದು ವಾದಿಸಿದರು. 1913ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ವಾನರರ ವರ್ತನೆಯನ್ನು ಕುರಿತ ಆರಂಭಿಕ ಪ್ರಾಯೋಗಿಕ ಕೃತಿಗಳಲ್ಲಿ ಒಂದೆಂದು ಎಣಿಸಲಾಗುತ್ತದೆ.

ಮುತ್ತಿನ ವಿವಾದ

ಮೊದಲ ಮಹಾಯುದ್ಧದ ನಂತರ ಬೂತಾನ್ ಅಲ್ಜೀರಿಯಾಕ್ಕೆ ತೆರಳಿ ಪ್ರಾಣಿಶಾಸ್ತ್ರ ಮತ್ತು ಮೀನುಗಾರಿಕೆಗೆ ಸಂಬಂಧಿಸಿದ ಕಾರ್ಯಗಳಲ್ಲಿ ತೊಡಗಿದರು. ಇದೇ ಕಾಲದಲ್ಲಿ ಜಪಾನಿನ ಮಿಕಿಮೊಟೊ ಕೋಕಿಚಿ ಅವರ ಸಾಕಣೆ ಕೇಂದ್ರಗಳಲ್ಲಿ ಬೆಳೆದ ದುಂಡು ಮುತ್ತುಗಳು ಯುರೋಪಿನ ಮಾರುಕಟ್ಟೆಯನ್ನು ಪ್ರವೇಶಿಸಿದವು. ಸಹಜ ಮುತ್ತಿನ ವ್ಯಾಪಾರಿಗಳು ಇವುಗಳನ್ನು ನಕಲಿಯೆಂದು ಆಕ್ಷೇಪಿಸಿದರು. ಅಪಾರ ಹಣ ಹೂಡಿಕೆಯಾಗಿದ್ದ ವ್ಯಾಪಾರವೇ ಅಲುಗಾಡುವ ಸ್ಥಿತಿ ಉಂಟಾಯಿತು.

ಮುತ್ತಿನ ಚಿಪ್ಪಿನ ಜೀವಿಯನ್ನು ದೀರ್ಘಕಾಲ ಅಭ್ಯಸಿಸಿದ್ದ ಬೂತಾನ್ 1921ರಿಂದ ಈ ಚರ್ಚೆಯಲ್ಲಿ ಭಾಗವಹಿಸಿದರು. ಸಹಜ ಮುತ್ತು ಮತ್ತು ಸಾಕಿದ ಮುತ್ತು ಎರಡರಲ್ಲಿಯೂ ಜೀವಿಯ ಹೊದಿಕೆ ಪದರದ ಕೋಶಗಳು ಚೀಲವೊಂದನ್ನು ರಚಿಸಿ ಪದರಪದರವಾಗಿ ಮುತ್ತಿನ ದ್ರವ್ಯವನ್ನು ಸ್ರವಿಸುತ್ತವೆ. ಮನುಷ್ಯನ ಕೈವಾಡವು ಆ ಕ್ರಿಯೆಯನ್ನು ಪ್ರಾರಂಭಿಸುವುದಕ್ಕಷ್ಟೇ ಸೀಮಿತವಾದುದರಿಂದ ಸಾಕಿದ ಮುತ್ತನ್ನು ನಕಲಿಯೆನ್ನಲಾಗದೆಂದು ಅವರು ಪ್ರತಿಪಾದಿಸಿದರು. ಈ ನಿಲುವು ವ್ಯಾಪಾರಿಗಳಿಗೆ ಅಪ್ರಿಯವಾದರೂ ಕಾಲಕ್ರಮದಲ್ಲಿ ಸಾಕಿದ ಮುತ್ತು ನಿಜವಾದ ಮುತ್ತಿನ ಒಂದು ಬಗೆಯೆಂಬ ಮಾನ್ಯತೆಯನ್ನು ಪಡೆಯಿತು. 1925ರಲ್ಲಿ ಅವರು ಮುತ್ತನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು.

ನಿಧನ

ಬೂತಾನ್ 1934ರ ಏಪ್ರಿಲ್ 6ರಂದು ಅಲ್ಜೀರಿಯಾದ ಕರಾವಳಿಯ ಟಿಗ್ಜಿರ್ಟ್ ಎಂಬಲ್ಲಿ ನಿಧನರಾದರು. ಆಗ ಅವರಿಗೆ 75 ವರ್ಷ ವಯಸ್ಸಾಗಿತ್ತು.

ಪ್ರಭಾವ

ಬೂತಾನ್ ಅವರ ಕೆಲಸ ಸಮುದ್ರಕ್ಕೆ ಸಂಬಂಧಿಸಿದ್ದರೂ ಅವರು ಎದುರಿಸಿದ ಸಮಸ್ಯೆಗಳು ಕೆರೆ, ಹೊಳೆ ಮತ್ತು ನೀರು ತುಂಬಿದ ಕಲ್ಲುಗಣಿಗಳಿಗೂ ಸಮಾನವಾದವು. ಸಿಹಿನೀರಿನ ಜೀವಿಗಳ ಚಿತ್ರಣ ಶೀಘ್ರದಲ್ಲಿಯೇ ಆರಂಭವಾಯಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೇಕಬ್ ರೈಗಾರ್ಡ್ ಮೀನುಗಳ ಗೂಡುಕಟ್ಟುವಿಕೆ ಮತ್ತು ಸಂತಾನೋತ್ಪತ್ತಿಯನ್ನು ಅಧ್ಯಯನ ಮಾಡುತ್ತ, ಜಲಚರಗಳನ್ನು ಅವುಗಳ ಸಹಜ ನೆಲೆಯಲ್ಲಿ ಚಿತ್ರಿಸುವ ವಿಧಾನಗಳ ಬಗ್ಗೆ 1908ರಲ್ಲಿ ಪ್ರಬಂಧ ಬರೆದರು. ಇಂಗ್ಲೆಂಡಿನ ಫ್ರಾನ್ಸಿಸ್ ವಾರ್ಡ್ ಕೊಳದ ಬದಿಯಲ್ಲಿ ಗಾಜಿನ ಕಿಟಕಿಯುಳ್ಳ ನೆಲದಡಿಯ ಕೋಣೆಯನ್ನು ಕಟ್ಟಿಸಿ, ನೀರಿಗಿಳಿಯದೆಯೇ ಸಿಹಿನೀರಿನ ಮೀನುಗಳ ಚಿತ್ರಗಳನ್ನು ತೆಗೆದರು. ಅವರ ಪುಸ್ತಕ 1911ರಲ್ಲಿ ಪ್ರಕಟವಾಯಿತು. ಸಮುದ್ರದಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದ ಡ್ರೈ ಟಾರ್ಟುಗಾಸ್ ದ್ವೀಪಗಳ ಬಳಿ 1926ರಲ್ಲಿ ತೆಗೆದ ಬಣ್ಣದ ಚಿತ್ರಗಳಿಗೂ ಮೆಗ್ನೀಸಿಯಂ ಪುಡಿಯ ಬೆಳಕೇ ಆಧಾರವಾಗಿತ್ತು.

ಇಂದು ಮುಳುಗುಗಾರರು ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿಕೊಂಡು, ಕೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾದೊಡನೆ ನೀರಿಗಿಳಿಯುತ್ತಾರೆ. ಕೆಲಸ ನಿಂತು ನೀರು ತುಂಬಿಕೊಂಡ ಕಲ್ಲುಗಣಿಗಳಲ್ಲಿ ಪ್ರವಾಹವಿರುವುದಿಲ್ಲವಾದ್ದರಿಂದ ಯುರೋಪ್ ಮತ್ತು ಅಮೆರಿಕದಲ್ಲಿ ಅವು ಮುಳುಗು ತರಬೇತಿಯ ಹಾಗೂ ಸಿಹಿನೀರಿನ ಛಾಯಾಗ್ರಹಣದ ತಾಣಗಳಾಗಿವೆ. ಆದರೂ ಅಲ್ಲಿನ ಪೈಕ್ ಅಥವಾ ಪರ್ಚ್ ಮೀನನ್ನು ಚಿತ್ರಿಸುವವರು ತಳದ ಹೂಳು ಕದಡದಂತೆ ಚಲಿಸಬೇಕು. ತೇಲುವ ಕಣಗಳು ಬೆಳಕಿಗೆ ಹೊಳೆದು ಚಿತ್ರವನ್ನು ಕೆಡಿಸದಂತೆ ಫ್ಲ್ಯಾಷನ್ನು ಕ್ಯಾಮೆರಾದಿಂದ ದೂರಕ್ಕೆ, ಓರೆಯಾಗಿ ಇರಿಸಬೇಕು. ವಿಷಯಕ್ಕೆ ಸಾಧ್ಯವಾದಷ್ಟು ಸಮೀಪಿಸಿ ನಡುವಿನ ನೀರನ್ನು ಕಡಿಮೆ ಮಾಡಬೇಕು. ಒತ್ತಡ, ಬೆಳಕು ಮತ್ತು ಕದಡಿದ ನೀರು ಎಂಬ ಇದೇ ಮೂರು ಅಡ್ಡಿಗಳನ್ನು ಬೂತಾನ್ 1890ರ ದಶಕದಲ್ಲಿ ಒಂದೊಂದಾಗಿ ಎದುರಿಸಿದ್ದರು.

ಪ್ರಮುಖ ಕೃತಿಗಳು

ಲಾ ಫೋಟೋಗ್ರಫಿ ಸೂ-ಮರೀನ್ ಎ ಲೆ ಪ್ರೋಗ್ರೆ ದ ಲಾ ಫೋಟೋಗ್ರಫಿ (1900) – ನೀರೊಳಗಿನ ಛಾಯಾಗ್ರಹಣ ಮತ್ತು ಛಾಯಾಗ್ರಹಣದ ಪ್ರಗತಿ
ಲ ಸ್ಯೂಡೊ-ಲಾಂಗಾಜ್ (1913) – ಗಿಬ್ಬನ್ ವಾನರದ ಧ್ವನಿಗಳನ್ನು ಕುರಿತ ಅವಲೋಕನಗಳು
ಲಾ ಪೆರ್ಲ್ (1925) – ಮುತ್ತಿನ ಉತ್ಪತ್ತಿ ಮತ್ತು ಸಾಕಣೆಯ ಅಧ್ಯಯನ